ಲೆಕ್ಕ ತಾಳೆಯಾಗಬೇಕು: ಸೆಕೆಂಡ್ ಹ್ಯಾಂಡ್ ಎರ್ಟಿಗಾ ಹುಡುಕಾಟದ ಆರು ವಾರ

ಮೊದಲ ವಾರ

ನಮ್ಮ ಆಲ್ಟೊದಲ್ಲಿ ಇನ್ನು ಆಗುವುದಿಲ್ಲ. ಅಮ್ಮ, ನಾವಿಬ್ಬರು, ಬೆಳೆಯುತ್ತಿರುವ ಇಬ್ಬರು ಮಕ್ಕಳು. ಊರಿಂದ ವಾಪಸ್ ಬರುವಾಗ ಒಂದು ಮೂಟೆ ಅಕ್ಕಿ, ಒಂದು ಬಾಳೆಗೊನೆ. ಮೈಸೂರಿಂದ ಸಕಲೇಶಪುರದ ಹತ್ತಿರದ ನಮ್ಮೂರು ಮುಟ್ಟುವಷ್ಟರಲ್ಲಿ ಅಮ್ಮನ ಮಂಡಿ ಹಿಡಿದುಕೊಂಡುಬಿಡುತ್ತದೆ. ಏಳು ಸೀಟಿನ ಗಾಡಿ ಬೇಕು. ಬಜೆಟ್ ಎಂಟು ಲಕ್ಷ. ಗಾಡಿ, ಇನ್ಶೂರೆನ್ಸ್, ಆರ್‌ಟಿಒ ಖರ್ಚು, ತಂದ ತಕ್ಷಣ ಮಾಡಿಸಬೇಕಾದ ರಿಪೇರಿ ಎಲ್ಲಾ ಸೇರಿ ಎಂಟು.

ಹೊಸ ಶೇಪಿನ ಎರ್ಟಿಗಾ ಪೆಟ್ರೋಲ್ ಎಂದು ತೀರ್ಮಾನ ಮಾಡಿದ್ದೇನೆ. ಇದು 2018ರ ನವೆಂಬರ್‌ನಲ್ಲಿ ಬಂತು. 1462 ಸಿಸಿ ಇಂಜಿನ್. ಟೈಮಿಂಗ್ ಚೈನ್ ಇರುವುದರಿಂದ ಬೆಲ್ಟ್ ಬದಲಿಸುವ ತಲೆನೋವಿಲ್ಲ. ಸಣ್ಣಪುಟ್ಟ ಊರಿನ ಮೆಕ್ಯಾನಿಕ್‌ಗೂ ಇದರ ಕೆಲಸ ಗೊತ್ತು. ಒಂದೇ ಭಯ ಏನೆಂದರೆ ಇದೇ ಗಾಡಿ ಟ್ಯಾಕ್ಸಿಯಾಗಿಯೂ ಬೇಕಾದಷ್ಟು ಓಡುತ್ತದೆ. ಯೆಲ್ಲೋ ಬೋರ್ಡಿನಲ್ಲಿ ದುಡಿದು, ಆಮೇಲೆ ವೈಟ್ ಬೋರ್ಡ್ ಆದ ಗಾಡಿ ನಮ್ಮ ಪಾಲಿಗೆ ಬರಬಾರದು.

ಬೆಲೆಯ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಹೊಸ ಕಾರುಗಳ ಜಿಎಸ್‌ಟಿ ಬದಲಾಗಿದೆ. ಎರ್ಟಿಗಾ ಮೇಲೆ ಸೆಸ್ ಸೇರಿ 45 ಪರ್ಸೆಂಟ್ ಇದ್ದ ತೆರಿಗೆ 40ಕ್ಕೆ ಇಳಿಯಿತು. ಹೊಸ ಗಾಡಿಯೇ ಅಗ್ಗವಾದ ಮೇಲೆ ಹಳೆಯದಕ್ಕೆ ಹಳೇ ರೇಟು ಕೊಡುವುದು ಹೇಗೆ? ಮಾರುವವರು ಹೋದ ವರ್ಷದ ರೇಟನ್ನೇ ಹೇಳುತ್ತಾರೆ. ನಾನು ಇವತ್ತಿನ ಶೋರೂಮ್ ರೇಟ್ ಹಿಡಿದು ಕೆಳಗಿಳಿಯುತ್ತೇನೆ.

ಎರಡನೇ ವಾರ: ಬಿಳಿ ಗಾಡಿ

2019ರ ಫೆಬ್ರವರಿ ರಿಜಿಸ್ಟ್ರೇಷನ್. ಮೀಟರ್‌ನಲ್ಲಿ 48 ಸಾವಿರ. ಸೆಕೆಂಡ್ ಹ್ಯಾಂಡ್ ಗಾಡಿಗಳ ಯಾರ್ಡ್ ಒಂದರಲ್ಲಿ ನಿಂತಿತ್ತು. ಕೇಳಿದ ಬೆಲೆ 7.60 ಲಕ್ಷ. ಪಾಲಿಶ್ ಹೊಡೆದು ಫಳಫಳ ಅನ್ನಿಸಿದ್ದರು. ಮಕ್ಕಳಿಗಂತೂ ನೋಡಿದ ಕೂಡಲೇ ಇಷ್ಟವಾಯಿತು.

ನಾನು ಟೈರ್ ಹತ್ತಿರ ಕೂತೆ. ಪ್ರತಿ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಇಲ್ಲಿ ನಾಲ್ಕರಲ್ಲೂ 2223 ಇತ್ತು. ಅಂದರೆ 2023ರ 22ನೇ ವಾರದಲ್ಲಿ ತಯಾರಾದ ಟೈರ್. ಹಾಗಾದರೆ ಕಂಪನಿಯಿಂದ ಬಂದ ಸೆಟ್ ಸವೆದು ಹೋಗಿ ಇದು ಎರಡನೇ ಸೆಟ್. ಟೈರಿನ ಗೀರುಗಳ ಒಳಗೆ ಬೆರಳು ಆಡಿಸಿದರೆ ಸವೆತದ ಗುರುತಿನ ಉಬ್ಬು ಆಗಲೇ ಬೆರಳಿಗೆ ಸಿಗುತ್ತಿತ್ತು. ಆ ಉಬ್ಬು 1.6 ಮಿಲಿಮೀಟರ್ ಎತ್ತರ. ರಬ್ಬರ್ ಅಲ್ಲಿಗೆ ಇಳಿದರೆ ಟೈರ್ ಮುಗಿದ ಹಾಗೆ. ನಮ್ಮ ರಸ್ತೆಗಳಲ್ಲಿ ಒಂದು ಸೆಟ್ 40 ಸಾವಿರ ಬರುತ್ತದೆ ಅಂತ ಇಟ್ಟುಕೊಂಡರೂ ಎರಡು ಸೆಟ್ ಎಷ್ಟಾಯಿತು? 48 ಸಾವಿರಕ್ಕೆ ಎರಡು ಸೆಟ್ ತಾಳೆಯಾಗಲಿಲ್ಲ.

ಬ್ರೇಕ್ ಪೆಡಲ್ ನೋಡಿದೆ. ಎಡ ತುದಿಯಲ್ಲಿ ಗೆರೆ ಚೆನ್ನಾಗಿತ್ತು. ಕಾಲು ಬೀಳುವ ಬಲ ಮೂಲೆಯಲ್ಲಿ ಗೆರೆಯೆಲ್ಲಾ ಅಳಿಸಿ ರಬ್ಬರ್ ನುಣ್ಣಗೆ ಹೊಳೆಯುತ್ತಿತ್ತು. ಡ್ರೈವರ್ ಸೀಟಿನ ಬಲ ಅಂಚು ಕುಸಿದಿತ್ತು. ಅದರ ಮೇಲೆ ಹೊಸ ಸೀಟ್ ಕವರ್.

ಕೊನೆಗೆ ಒಬಿಡಿ ಸ್ಕ್ಯಾನರ್ ಹಾಕಿದೆ. ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಚುಚ್ಚಿ ಮೊಬೈಲ್‌ನಲ್ಲಿ ನೋಡುವ ಸಣ್ಣ ಸಾಧನ. ಎಲ್ಲರೂ ದೋಷ ತೋರಿಸುವ ಎರರ್ ಕೋಡ್ ಇದೆಯಾ ಅಂತ ಮಾತ್ರ ನೋಡುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಓಡಿದೆ ಅನ್ನುವ ಅಂಕಿ. ಇಲ್ಲಿ 4 ಕಿಲೋಮೀಟರ್ ಅಂತ ಬಂತು, ಅಂದರೆ ಈಗಷ್ಟೇ ಅಳಿಸಿದ ಹಾಗೆ. ಬ್ಯಾಟರಿ ಬಿಚ್ಚಿ ಹಾಕಿದರೂ ಇದು ಸೊನ್ನೆಯಾಗಬಹುದು, ಅಷ್ಟರಿಂದಲೇ ಮೋಸ ಅನ್ನಲಾಗದು. ಸರ್ವಿಸ್ ದಾಖಲೆ ಕೇಳಿದೆ. ಕಳೆದುಹೋಗಿದೆ ಅಂದರು. ಸರ್ವಿಸ್ ಸೆಂಟರ್‌ನಲ್ಲಿ ಓನರ್ ಕೇಳಿದರೆ ಕೊಡುತ್ತಾರಲ್ಲ, ತರಿಸಿಕೊಡಿ ಅಂದೆ. ಎರಡು ದಿನ ಕಾದೆ, ಫೋನ್ ಬರಲಿಲ್ಲ. ಮೀಟರ್ ತಿರುಗಿಸಿದ್ದಾರೆ ಅಂತ ಸಾಬೀತು ಮಾಡುವ ಗೋಜು ನನಗೆ ಬೇಕಿರಲಿಲ್ಲ. ಬಿಟ್ಟೆ.

ಮೂರನೇ ವಾರ: ಬೂದು ಬಣ್ಣದ ಗಾಡಿ

ಮಂಡ್ಯದಲ್ಲಿ ಓನರ್ ಮನೆಗೇ ಹೋಗಿ ನೋಡಿದ್ದು. 2019ರ ಆಗಸ್ಟ್ ಗಾಡಿ, 55 ಸಾವಿರ ಓಡಿದೆ. ಟೈರ್, ಪೆಡಲ್, ಸರ್ವಿಸ್ ದಾಖಲೆ ಎಲ್ಲಾ ಒಂದಕ್ಕೊಂದು ಹೊಂದಿತ್ತು. ಕಾಫಿ ಕುಡಿಯುತ್ತಾ ಇನ್ಶೂರೆನ್ಸ್ ಪಾಲಿಸಿ ಕೇಳಿ ತೆಗೆದುಕೊಂಡೆ. ನೋ ಕ್ಲೇಮ್ ಬೋನಸ್ ಸೊನ್ನೆ. ಕ್ಲೇಮ್ ಮಾಡದೆ ಇದ್ದರೆ ಪ್ರೀಮಿಯಂನಲ್ಲಿ ಸಿಗುವ ಈ ರಿಯಾಯಿತಿ 20ರಿಂದ ಶುರುವಾಗಿ ಐದು ವರ್ಷಕ್ಕೆ 50 ಪರ್ಸೆಂಟ್ ಮುಟ್ಟುತ್ತದೆ. ಆರು ವರ್ಷದ ಗಾಡಿಯಲ್ಲಿ ಸೊನ್ನೆ ಇದೆ ಅಂದರೆ ಹಿಂದಿನ ವರ್ಷ ಏನೋ ಆಗಿರುವ ಸಾಧ್ಯತೆ ಜಾಸ್ತಿ.

ಹೊರಗೆ ಬಂದು ಮುಂದಿನ ಗಾಜು ನೋಡಿದೆ. 2019ರ ಏಪ್ರಿಲ್ 1ರ ನಂತರದ ಗಾಡಿಗಳಿಗೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಜೊತೆಗೇ ಗಾಜಿನ ಒಳಗೆ ಮೂಲೆಯಲ್ಲಿ ಒಂದು ಸ್ಟಿಕ್ಕರ್ ಬರುತ್ತದೆ. ಪೆಟ್ರೋಲ್‌ಗೆ ತಿಳಿ ನೀಲಿ, ಡೀಸೆಲ್‌ಗೆ ಕಿತ್ತಳೆ. ಇಲ್ಲಿ ಸ್ಟಿಕ್ಕರ್ ಇರಲಿಲ್ಲ. ಗಾಜು ಬದಲಾಗಿದೆ ಅನ್ನಿಸಿತು.

ಜೊತೆಗೆ ಬಂದಿದ್ದ ನಮ್ಮ ಗ್ಯಾರೇಜಿನ ಅಣ್ಣ ಪೇಂಟಿನ ದಪ್ಪ ಅಳೆಯುವ ಗೇಜ್ ತೆಗೆದರು. ಮೊದಲು ಟಾಪ್ ಮೇಲೆ ಇಡಬೇಕು ಅನ್ನುತ್ತಾರೆ ಅವರು. ಟಾಪ್‌ಗೆ ಯಾರೂ ಸುಮ್ನೆ ಪೇಂಟ್ ಹೊಡೆಸುವುದಿಲ್ಲ, ಕಂಪನಿ ಪೇಂಟ್ ಎಷ್ಟು ದಪ್ಪ ಅಂತ ಅಲ್ಲಿ ಗೊತ್ತಾಗುತ್ತದೆ. ಟಾಪ್ 112 ಮೈಕ್ರಾನ್, ಬಾಗಿಲು 120. ಬಾನೆಟ್ 310. ಎಡಗಡೆ ಫೆಂಡರ್ 480. ಪುಟ್ಟಿ ಹಾಕಿ ಪೇಂಟ್ ಮಾಡಿದ್ದಾರೆ. ಓನರ್ ಮುಚ್ಚಿಡಲಿಲ್ಲ. ಟ್ರ್ಯಾಕ್ಟರ್ ಟ್ರೇಲರ್‌ಗೆ ಗುದ್ದಿತ್ತು, ಇನ್ಶೂರೆನ್ಸ್‌ನಲ್ಲಿ ಮಾಡಿಸಿದೆ ಅಂತ ಅವರೇ ಹೇಳಿದರು. ಬಾನೆಟ್, ಫೆಂಡರ್ ಅಷ್ಟೇ ಆಗಿದ್ದರೆ ನಾನು ತೆಗೆದುಕೊಳ್ಳುತ್ತಿದ್ದೆ, ಬೋಲ್ಟ್ ಬಿಚ್ಚಿ ಬದಲಿಸುವ ಭಾಗಗಳು ಅವು. ಆದರೆ ಬಾನೆಟ್ ಒಳಗೆ ಇಂಜಿನ್ ಪಕ್ಕದ ತಗಡಿನಲ್ಲಿ (ಅಪ್ರಾನ್) ಕಂಪನಿಯ ಸ್ಪಾಟ್ ವೆಲ್ಡ್ ಗುಳಿಗಳು ಬಲಗಡೆ ಸಾಲಾಗಿದ್ದವು, ಎಡಗಡೆ ಒಂದೂ ಇರಲಿಲ್ಲ. ಪೆಟ್ಟು ಚಾಸಿಯವರೆಗೆ ಹೋಗಿದೆ. ಮಕ್ಕಳನ್ನು ಕೂರಿಸಿ ಶಿರಾಡಿ ಘಾಟಿ ಇಳಿಯುವ ಗಾಡಿ ಇದಾಗಬಾರದು.

ನಾಲ್ಕನೇ ವಾರ

ತಮಿಳುನಾಡು ರಿಜಿಸ್ಟ್ರೇಷನ್ ಗಾಡಿಯೊಂದು 60 ಸಾವಿರ ಕಡಿಮೆಗೆ ಸಿಕ್ಕಿತ್ತು. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಿ, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿದರೆ ಆ ಉಳಿತಾಯ ಉಳಿಯುವುದಿಲ್ಲ. ನೋಡಲೂ ಹೋಗಲಿಲ್ಲ.

ಐದನೇ ವಾರ: ಹಾಸನದ ಮೇಷ್ಟ್ರ ಗಾಡಿ

ಕೆಎ-13, ಬೆಳ್ಳಿ ಬಣ್ಣ. ತಯಾರಾಗಿದ್ದು 2019ರ ಮೇ, ರಿಜಿಸ್ಟ್ರೇಷನ್ ಜುಲೈ. 62,400 ಕಿಲೋಮೀಟರ್. ಕೇಳಿದ ಬೆಲೆ 7.75 ಲಕ್ಷ. ರಿಟೈರ್ಡ್ ಮೇಷ್ಟ್ರು. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ರಾತ್ರಿಯೇ ಫೋನ್‌ನಲ್ಲಿ ಕೇಳಿಕೊಂಡಿದ್ದೆ. ಬೆಳಿಗ್ಗೆ ಏಳಕ್ಕೆ ಬಾನೆಟ್ ಮೇಲೆ ಕೈ ಇಟ್ಟೆ. ಇಬ್ಬನಿ ಕೈಗೆ ಹತ್ತಿತು. ಒಂದೇ ಸಲಕ್ಕೆ ಸ್ಟಾರ್ಟ್. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಇಲ್ಲ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಕಲೆ ಇಲ್ಲ, ಅಂದರೆ ಕೂಲೆಂಟ್ ಆಯಿಲ್‌ಗೆ ಸೇರಿಲ್ಲ.

ಮೇಷ್ಟ್ರು ಒಂದು ಫೈಲ್ ತಂದು ಟೇಬಲ್ ಮೇಲೆ ಇಟ್ಟರು. "ನೋಡಪ್ಪ, ಹಾಕಿಸಿದ ಗಾಳಿ ಬಿಟ್ಟು ಮಿಕ್ಕಿದ್ದಕ್ಕೆಲ್ಲಾ ಬಿಲ್ಲಿದೆ." ನಿಜಕ್ಕೂ ಇತ್ತು. 2022ರಲ್ಲಿ 41 ಸಾವಿರ ಕಿಲೋಮೀಟರ್ ಆದಾಗ ನಾಲ್ಕು ಟೈರ್ ಬದಲಿಸಿದ ಬಿಲ್. ಹೊರಗೆ ಹೋಗಿ ನೋಡಿದರೆ ಟೈರ್ ಮೇಲೆ 1122. ಸವೆದಿರುವುದು ಅರ್ಧ, ಓಡಿರುವುದು 21 ಸಾವಿರ. ಸ್ಟೆಪ್ನಿ ಮೇಲೆ 1519, ಕಂಪನಿಯಿಂದ ಬಂದದ್ದೇ, ನೆಲ ಮುಟ್ಟಿಲ್ಲ. ಗಾಜಿನಲ್ಲಿ ನೀಲಿ ಸ್ಟಿಕ್ಕರ್ ಇದೆ. ಬೋನಸ್ 50 ಪರ್ಸೆಂಟ್. ಕೋಡ್ ಅಳಿಸಿದ ಮೇಲೆ ಓಡಿದ್ದು 18 ಸಾವಿರ ಕಿಲೋಮೀಟರ್. ಒಂದು ಗಾಡಿಯ ಬೇರೆ ಬೇರೆ ಮೂಲೆಗಳು ಒಂದೇ ಮಾತು ಹೇಳುವುದನ್ನು ನಾನು ಮೊದಲ ಸಲ ನೋಡಿದ್ದು. ಖುಷಿಯಾಯಿತು.

ಕೊರತೆ ಇಲ್ಲ ಅಂತಲ್ಲ. ಸಕಲೇಶಪುರ ರಸ್ತೆಯ ಏರಿನಲ್ಲಿ ನಾಲ್ಕನೇ ಗೇರಿನಲ್ಲಿ ಒತ್ತಿದರೆ ಇಂಜಿನ್ ಸದ್ದು ಏರುತ್ತದೆ, ಗಾಡಿ ಅಷ್ಟು ಏರುವುದಿಲ್ಲ. ಕ್ಲಚ್ ಸ್ಲಿಪ್ ಆಗುತ್ತಿದೆ. ಮುಂದಿನ ಸಸ್ಪೆನ್ಷನ್‌ನಲ್ಲಿ ಹಂಪ್ ಹತ್ತಿದಾಗ ಟಕ್ ಅನ್ನುತ್ತದೆ. ಗ್ಯಾರೇಜಿನ ಅಣ್ಣ ಬರೆದುಕೊಟ್ಟ ಲೆಕ್ಕ: ಕ್ಲಚ್ 14,000, ಸಸ್ಪೆನ್ಷನ್ ಬುಷ್ 5,000, ಬ್ಯಾಟರಿ 5,500, ಸ್ಟೆಪ್ನಿ ರಬ್ಬರ್ ಬಿರುಕು ಬಿಟ್ಟಿರುವುದರಿಂದ ಅದಕ್ಕೆ 5,000. ಒಟ್ಟು 29,500. ಚೀಟಿಯನ್ನು ಹಾಗೇ ಮೇಷ್ಟ್ರ ಮುಂದೆ ಇಟ್ಟೆ. ಒಂದೊಂದೇ ಸಾಲು ಓದಿ, ಮನೆಯವರನ್ನು ಕೇಳಿ ಬಂದು 7.40 ಅಂದರು. ನಾನು ಮತ್ತೆ ಚೌಕಾಸಿ ಮಾಡಲಿಲ್ಲ. ಹೀಗೆ ನೋಡಿಕೊಂಡ ಗಾಡಿಗೆ ಐದು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಮಧ್ಯದ ಸೀಟಿಗೆ ಹತ್ತಿದರು, ಇಳಿದರು, ಮತ್ತೆ ಹತ್ತಿದರು. "ಬಗ್ಗೋ ಹಾಗಿಲ್ಲ, ಚೆನ್ನಾಗಿದೆ" ಅಂದರು. ನನಗೆ ಬೇಕಿದ್ದ ಕೊನೆಯ ಪರೀಕ್ಷೆ ಅದೇ.

ಆರನೇ ವಾರ

20 ಸಾವಿರ ಅಡ್ವಾನ್ಸ್ ಬ್ಯಾಂಕ್ ಮೂಲಕ ಕೊಟ್ಟು ಬರೆಸಿಕೊಂಡಿದ್ದೇನೆ. ಆರ್‌ಸಿಯಲ್ಲಿ ಒಂದು ತೊಡಕು ಕಂಡಿತು. ಸಾಲ ತೀರಿ ಎರಡು ವರ್ಷವಾದರೂ ಬ್ಯಾಂಕಿನ ಹೆಸರು ಹಾಗೇ ಉಳಿದಿದೆ. ಅದು ಹೋಗಲು ಫಾರಂ 35 ಮತ್ತು ಬ್ಯಾಂಕಿನ ಪತ್ರ ಬೇಕು. ಹಳೇ ಪತ್ರದ ಅವಧಿ ಮುಗಿದಿತ್ತು, ಮೇಷ್ಟ್ರು ಹೊಸದಕ್ಕೆ ಅರ್ಜಿ ಕೊಟ್ಟಿದ್ದಾರೆ. ಅದಾದ ಮೇಲೆ ಗಾಡಿ ನನ್ನ ಹೆಸರಿಗೆ ಆಗಲು ಫಾರಂ 29, 30. ಚಾಸಿ ನಂಬರ್ ನಾನೇ ಆರ್‌ಸಿ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಿದೆ. ಬಾಕಿ ಟ್ರಾಫಿಕ್ ಫೈನ್ ಒಂದಿತ್ತು, ಅವರೇ ಕಟ್ಟಿದರು.

ಇನ್ಶೂರೆನ್ಸನ್ನು 14 ದಿನದೊಳಗೆ ನನ್ನ ಹೆಸರಿಗೆ ಮಾಡಿಸಬೇಕು. ಮೇಷ್ಟ್ರ 50 ಪರ್ಸೆಂಟ್ ಬೋನಸ್ ಗಾಡಿಯ ಜೊತೆ ನನಗೆ ಬರುವುದಿಲ್ಲ, ಅದು ಅವರದು. ಆಲ್ಟೊ ಮಾರಿದ ಮೇಲೆ ಅದರ ಬೋನಸ್ ಪತ್ರ ತೆಗೆದುಕೊಂಡು ನನ್ನದನ್ನು ಇಲ್ಲಿಗೆ ಹಾಕಿಸಿಕೊಳ್ಳಬೇಕು. ಆಲ್ಟೊ ನೋಡಲು ಭಾನುವಾರ ಒಬ್ಬರು ಬರುತ್ತಾರೆ. ಅದರ ಬಿಲ್ಲುಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಇಟ್ಟಿದ್ದೇನೆ, ಹಿಂದಿನ ಬಾಗಿಲಿಗೆ ಪೇಂಟ್ ಮಾಡಿಸಿದ ಬಿಲ್ಲೂ ಅದರಲ್ಲೇ ಇದೆ.

ಬ್ಯಾಂಕಿನ ಪತ್ರ ಸೋಮವಾರ ಬಂದರೆ ಮಂಗಳವಾರ ಹಾಸನ ಆರ್‌ಟಿಒ. ಎರಡನೇ ಕೀ ಮರೆಯದೆ ತನ್ನಿ ಅಂತ ಮೇಷ್ಟ್ರಿಗೆ ಹೇಳಿದ್ದೇನೆ.