ಅಮ್ಮನನ್ನೂ ಮರಳುಗಾಡಿಗೆ ಕರೆದುಕೊಂಡು ಹೋಗಿ

ನಮ್ಮ ಚಿಕ್ಕಮಗಳೂರು ಕಡೆಯಿಂದ ದುಬೈಗೆ, ಮಕ್ಕಳ ಮನೆಗೆ ಅಂತ ಹೋಗಿಬರುವ ಅಪ್ಪ ಅಮ್ಮಂದಿರು ಈಗ ಜಾಸ್ತಿ. ಬುರ್ಜ್ ಖಲೀಫಾ ನೋಡುತ್ತಾರೆ, ಮಾಲ್ ನೋಡುತ್ತಾರೆ, ದೇರಾದ ಚಿನ್ನದ ಅಂಗಡಿಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಮರಳುಗಾಡಿನ ಸಫಾರಿ ಅಂದ ತಕ್ಷಣ ಮಾತ್ರ ಅವರನ್ನು ಮನೆಯಲ್ಲಿ ಬಿಟ್ಟು ಉಳಿದವರು ಹೊರಡುತ್ತಾರೆ. "ಗಾಡಿ ಎತ್ತಿ ಎತ್ತಿ ಹಾಕುತ್ತೆ, ನಿಮಗೆ ಆಗಲ್ಲ" ಅಂತ ಹೇಳಿದರೆ ಹಿರಿಯರು ಮರುಮಾತಾಡದೆ ಒಪ್ಪಿಕೊಳ್ಳುತ್ತಾರೆ. ನನಗೆ ಇದು ತುಂಬಾ ಬೇಜಾರಿನ ವಿಷಯ. ಆ ಸಂಜೆಯಲ್ಲಿ ಮರಳಿನ ದಿಬ್ಬಗಳ ಮೇಲೆ ಗಾಡಿ ಹಾರಿಸುವುದು ಹೆಚ್ಚೆಂದರೆ ಅರ್ಧ, ಮುಕ್ಕಾಲು ಗಂಟೆಯ ಕೆಲಸ. ಮಿಕ್ಕಿದ್ದೆಲ್ಲ, ಅಂದರೆ ಸೂರ್ಯಾಸ್ತ, ಮರಳುಗಾಡಿನ ಕ್ಯಾಂಪಿನ ಊಟ, ಕುಣಿತ, ಅಮ್ಮಂದಿರು ಆರಾಮಾಗಿ ನೋಡಬಹುದಾದದ್ದೇ.

ನಾವು ಹೋದದ್ದು ಫೆಬ್ರವರಿಯಲ್ಲಿ. ತೋಟ ಇರುವವರಿಗೆ ಇದರ ಕಷ್ಟ ಗೊತ್ತು. ದುಬೈನಲ್ಲಿ ಹವೆ ಚೆನ್ನಾಗಿರುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ, ನಮ್ಮಲ್ಲಿ ಕಾಫಿ ಕುಯ್ಲು ಇರುವುದೂ ಅದೇ ತಿಂಗಳುಗಳಲ್ಲಿ. ಅರೇಬಿಕಾ ಮುಗಿದು ಕಣದಲ್ಲಿ ಒಣಗಿಸಿದ್ದೆಲ್ಲ ಮೂಟೆ ಸೇರಿದ ಮೇಲೆ, ಹೂಮಳೆಗೆ ಮುಂಚೆ ಸಿಗುವ ಸ್ವಲ್ಪ ಬಿಡುವಿನಲ್ಲಿ ಅಮ್ಮನನ್ನು ಹೊರಡಿಸಿಕೊಂಡು ಅಕ್ಕನ ಮನೆಗೆ ಹೋದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ವಯಸ್ಸಾದವರನ್ನು ಕರೆದುಕೊಂಡು ಹೋಗಲೇಬೇಡಿ.

ಅಮ್ಮನಿಗೆ ಅರವತ್ತು ದಾಟಿದೆ, ಬೆನ್ನು ನೋವು ಹಳೆಯದು. "ನೀವೆಲ್ಲ ಹೋಗ್ಬನ್ನಿ, ನಾನು ಮನೇಲಿ ಅಡುಗೆ ಮಾಡಿಟ್ಟಿರ್ತೀನಿ" ಅಂದಳು. ಅಕ್ಕ ಬಿಡಲಿಲ್ಲ. ಭಾವ ಸಫಾರಿಯವರಿಗೆ ಫೋನ್ ಮಾಡಿ ನೇರವಾಗಿ ಕೇಳಿದರು: ಬೆನ್ನು ನೋವು ಇರುವವರು ಇದ್ದಾರೆ, ದಿಬ್ಬ ಹತ್ತಿಸದೆ ಸೀದಾ ಕ್ಯಾಂಪಿಗೆ ಬಿಡುತ್ತೀರಾ? ಬಿಡುತ್ತೇವೆ ಅಂದರು. ಇಷ್ಟೇ ವಿಷಯ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಕತ್ತು ಬೆನ್ನು ನೋವಿನವರು ದಿಬ್ಬದ ಸವಾರಿ ಮಾಡಬಾರದು ಅಂತ ಸಫಾರಿಯವರು ಹೇಳುತ್ತಾರೆ. ಆದರೆ ಸವಾರಿ ಬಿಟ್ಟು ಬರೀ ಕ್ಯಾಂಪಿಗೆ ಹೋಗಬಹುದು ಅನ್ನುವುದನ್ನು ನಾವಾಗಿ ಕೇಳಿದರೆ ಮಾತ್ರ ಹೇಳುತ್ತಾರೆ. ಬೇರೆಯವರ ಜೊತೆ ಹಂಚಿಕೊಳ್ಳುವ ಗಾಡಿ ಬೇಡ, ಸ್ವಲ್ಪ ದುಡ್ಡು ಹೆಚ್ಚಾದರೂ ನಿಮಗೇ ಅಂತ ಒಂದು ಗಾಡಿ ತಗೊಳ್ಳಿ. ಆಗ ಡ್ರೈವರ್ ನಿಮ್ಮ ಮಾತು ಕೇಳುತ್ತಾರೆ.

ಮಧ್ಯಾಹ್ನ ಮೂರರ ಸುಮಾರಿಗೆ ಲ್ಯಾಂಡ್ ಕ್ರೂಸರ್ ಮನೆ ಬಾಗಿಲಿಗೆ ಬಂತು. ಡ್ರೈವರ್ ಪೇಶಾವರದ ಕಡೆಯವರು, ಹಿಂದಿಯಲ್ಲೇ ಮಾತು. ಅಮ್ಮನನ್ನು ಕೈಹಿಡಿದು ಮುಂದಿನ ಸೀಟಿಗೆ ಹತ್ತಿಸಿದರು. ದುಬೈನಿಂದ ಹತ್ತಾ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು ಐವತ್ತು ಕಿಲೋಮೀಟರ್ ಹೋದರೆ ಲಹಬಾಬ್ ಅನ್ನುವ ಮರಳುಗಾಡು. ಕಟ್ಟಡಗಳು ಕಡಿಮೆಯಾಗುತ್ತಾ ಹೋಗುತ್ತವೆ, ಮರಳು ಮೊದಲು ಬಿಳಿಚಾಗಿ ಕಾಣುತ್ತದೆ, ಆಮೇಲೆ ಹಳದಿ, ಕೊನೆಗೆ ಇಟ್ಟಿಗೆಯ ಕೆಂಪು. ಆ ಕೆಂಪಿಗೆ ಕಾರಣ ಕಬ್ಬಿಣ. ಮರಳಿನ ಕಣಗಳ ಮೇಲೆ ಕಬ್ಬಿಣದ ತುಕ್ಕು ತೆಳುವಾಗಿ ಕೂತಿರುತ್ತದೆ. ನಮ್ಮ ಬಾಬಾಬುಡನ್‌ಗಿರಿ ಸಾಲಿನ ಮಣ್ಣು ಕೆಂಪಾಗಿರುವುದಕ್ಕೂ ಕಬ್ಬಿಣವೇ ಕಾರಣ ಅಲ್ವಾ, ಕೆಮ್ಮಣ್ಣುಗುಂಡಿಯ ಅದಿರು ತಾನೇ ಒಂದು ಕಾಲಕ್ಕೆ ಭದ್ರಾವತಿ ಕಾರ್ಖಾನೆಗೆ ಹೋಗುತ್ತಿದ್ದದ್ದು. ಒಂದೇ ಬಣ್ಣ, ಆದರೆ ಒಂದು ಕಡೆ ಶೋಲಾ ಕಾಡು, ಇನ್ನೊಂದು ಕಡೆ ಹುಲ್ಲುಕಡ್ಡಿಗೂ ಕಷ್ಟ.

ಅಮ್ಮ, ಅಕ್ಕ ಇಬ್ಬರನ್ನೂ ಮೊದಲು ಕ್ಯಾಂಪಿನಲ್ಲಿ ಇಳಿಸಿದೆವು. ಅಲ್ಲಿಗೆ ಹೋಗುವ ದಾರಿ ಸಮತಟ್ಟು, ಒಂದು ಜಂಪ್ ಕೂಡ ಇರಲಿಲ್ಲ. ಆಮೇಲೆ ನಾನು, ಭಾವ, ಅಕ್ಕನ ಮಗ ದಿಬ್ಬಗಳ ಕಡೆ ಹೊರಟೆವು.

ಸವಾರಿಯ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅದರಲ್ಲಿ ಕೆಲಸ ಬಲ್ಲವರ ಕೈಚಳಕ ಇದೆ. ಮರಳು ಶುರುವಾಗುವ ಕಡೆ ಡ್ರೈವರ್ ಇಳಿದು ನಾಲ್ಕೂ ಟೈರಿನ ಗಾಳಿ ಬಿಟ್ಟರು. ರಸ್ತೆಯಲ್ಲಿ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹತ್ತಿರ ಇರುವ ಗಾಳಿ 15ರ ಆಸುಪಾಸಿಗೆ ಇಳಿಯಿತು. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ಹರಡಿಕೊಳ್ಳುತ್ತದೆ, ಗಾಡಿಯ ಭಾರ ಹೆಚ್ಚು ಜಾಗದ ಮೇಲೆ ಬೀಳುತ್ತದೆ, ಅದಕ್ಕೇ ಹೂತುಹೋಗುವುದಿಲ್ಲ. ಒಳಗೆ ದಪ್ಪ ಕಬ್ಬಿಣದ ಪೈಪಿನ ಚೌಕಟ್ಟು ಹಾಕಿರುತ್ತಾರೆ, ಗಾಡಿ ಪಲ್ಟಿಯಾದರೂ ಮೇಲ್ಛಾವಣಿ ಕುಸಿಯಬಾರದು ಅಂತ. ಸೀಟ್ ಬೆಲ್ಟ್ ಹಾಕದೆ ಅವರು ಗಾಡಿ ಮುಂದೆ ಬಿಡಲಿಲ್ಲ.

ಮರಳಿನ ದಿಬ್ಬಕ್ಕೆ ಎರಡು ಮುಖ. ಗಾಳಿ ಬೀಸುವ ಕಡೆ ನಿಧಾನವಾದ ಏರು, ಹಿಂಭಾಗದಲ್ಲಿ ಕಡಿದಾದ ಇಳಿಜಾರು. ಒಣ ಮರಳು ಸುಮಾರು 34 ಡಿಗ್ರಿಗಿಂತ ಹೆಚ್ಚು ಕಡಿದಾಗಿ ನಿಲ್ಲುವುದಿಲ್ಲ, ತಾನೇ ಜಾರಿಬಿಡುತ್ತದೆ. ಆದ್ದರಿಂದ ಡ್ರೈವರ್ ನಿಧಾನದ ಮುಖದಲ್ಲಿ ವೇಗವಾಗಿ ಹತ್ತಿ, ತುದಿಗೆ ಬಂದಾಗ ವೇಗ ಇಳಿಸಿ, ಆ ಕಡೆ ಏನಿದೆ ಅಂತ ಒಂದು ಕ್ಷಣ ನೋಡಿ, ಗಾಡಿಯ ಮೂಗು ನೇರ ಮಾಡಿಕೊಂಡು ಕೆಳಗೆ ಬಿಡುತ್ತಾರೆ. ಆ ತುದಿಯಲ್ಲಿ ಮುಂದಿನ ಗಾಜಿನಲ್ಲಿ ಆಕಾಶ ಬಿಟ್ಟರೆ ಏನೂ ಕಾಣುವುದಿಲ್ಲ. ನಮ್ಮ ಝರಿ ಫಾಲ್ಸ್ ದಾರಿಯ ಜೀಪಿನಲ್ಲಿ ಕೂತವರಿಗೆ ಕುಲುಕಾಟ ಹೊಸದಲ್ಲ, ಆದರೆ ಅದು ಕಲ್ಲಿನ ಮೇಲಿನ ಕುಲುಕಾಟ, ಮೂಳೆಗೆ ತಾಗುತ್ತದೆ. ಇಲ್ಲಿ ಗಾಡಿ ಜಾರುತ್ತದೆ. ಪಕ್ಕಕ್ಕೆ ವಾಲಿಕೊಂಡು, ಕಿಟಕಿ ಮೇಲೆಲ್ಲ ಮರಳು ಚಿಮ್ಮಿಸಿಕೊಂಡು, ದೋಣಿ ತಿರುಗಿದ ಹಾಗೆ ತಿರುಗಿ ಮತ್ತೆ ಮೇಲೆ ಹೋಗುತ್ತದೆ, ಹೊಟ್ಟೆ ಮಾತ್ರ ಹಿಂದಿನ ದಿಬ್ಬದಲ್ಲೇ ಉಳಿದಿರುತ್ತದೆ. ಅಕ್ಕನ ಮಗ ಕಿರುಚಿ ಕಿರುಚಿ ಗಂಟಲು ಕಟ್ಟಿಸಿಕೊಂಡ. ಮಧ್ಯಾಹ್ನದ ಊಟ ಕಡಿಮೆ ಮಾಡಿ ಹೋಗಿ. ತಲೆ ಸುತ್ತಿದರೆ "ಆಹಿಸ್ತಾ" ಅನ್ನಿ, ತಕ್ಷಣ ನಿಧಾನ ಮಾಡುತ್ತಾರೆ.

ಕ್ವಾಡ್ ಬೈಕಿಗೆ ಬೇರೆ ದುಡ್ಡು. ನಾಲ್ಕು ದಪ್ಪ ಚಕ್ರದ ಬೈಕು, ಹುಡುಗರಿಗೆ ಖುಷಿ. ನನಗೆ ಅದು ಹಿಡಿಸಲಿಲ್ಲ. ಸದ್ದು ಜಾಸ್ತಿ, ಪೆಟ್ರೋಲ್ ವಾಸನೆ. ಮರಳಿನಲ್ಲಿ ಕಷ್ಟಪಟ್ಟು ಬೇರು ಬಿಟ್ಟಿರುವ ಪುಟ್ಟ ಪೊದೆಗಳ ಮೇಲೆ ಯಾರೋ ಸುಮ್ನೆ ಹತ್ತಿಸುವುದನ್ನು ನೋಡಿದರೆ ನೋವಾಗುತ್ತದೆ. ಮಾಡಲೇಬೇಕು ಅಂದರೆ ಎಷ್ಟು ಹೊತ್ತಿಗೆ ಎಷ್ಟು ದಿರ್‌ಹಮ್ ಅಂತ ಮೊದಲೇ ಕೇಳಿ, ಹೆಲ್ಮೆಟ್ ಕೊಡದಿದ್ದರೆ ಹತ್ತಬೇಡಿ. ಹಲಗೆ ಮೇಲೆ ನಿಂತು ದಿಬ್ಬದಿಂದ ಜಾರುವ ಸ್ಯಾಂಡ್ ಬೋರ್ಡಿಂಗ್ ಇದಕ್ಕಿಂತ ಎಷ್ಟೋ ವಾಸಿ. ಇಳಿಯುವುದು ಕೆಲವೇ ಸೆಕೆಂಡು, ಹಲಗೆ ಹೊತ್ತು ವಾಪಸ್ ಹತ್ತುವಷ್ಟರಲ್ಲಿ ಏದುಸಿರು.

ಕ್ಯಾಂಪಿಗೆ ಬಂದಾಗ ಅಮ್ಮ ಅಲ್ಲಿರಲಿಲ್ಲ. ಬೇಲಿಯ ಆಚೆ ಒಂದು ಮರದ ಕೆಳಗೆ ಅಕ್ಕನ ಜೊತೆ ನಿಂತಿದ್ದಳು. "ಇದು ಬನ್ನಿ ಮರ ಕಣೇ" ಅಂದಳು. ನಾನು ನಂಬಲಿಲ್ಲ. ಡ್ರೈವರ್‌ ಹತ್ತಿರ ಕೇಳಿದರೆ ಅದು ಗಾಫ್ ಮರ, ಇಲ್ಲಿನ ರಾಷ್ಟ್ರೀಯ ಮರ ಅಂದರು. ಮೊಬೈಲ್‌ನಲ್ಲಿ ಹುಡುಕಿದಾಗ ಗೊತ್ತಾಯಿತು, ಅಮ್ಮ ಹೇಳಿದ್ದೇ ಸರಿ. ವೈಜ್ಞಾನಿಕ ಹೆಸರು ಪ್ರೊಸೋಪಿಸ್ ಸಿನೆರೇರಿಯಾ, ನಾವು ಬನ್ನಿ, ಶಮಿ ಅಂತ ವಿಜಯದಶಮಿಗೆ ಪೂಜೆ ಮಾಡುವ ಮರ. ಯುಎಇ 2008ರಲ್ಲಿ ಅದನ್ನು ತನ್ನ ರಾಷ್ಟ್ರೀಯ ಮರ ಅಂತ ಘೋಷಿಸಿದೆ. ಬೇರು ನೆಲದೊಳಗೆ ಬಹಳ ಆಳ ಇಳಿಯುತ್ತದೆ, ಮೂವತ್ತು ಮೀಟರ್‌ವರೆಗೂ ಹೋಗುತ್ತದಂತೆ. ಅದಕ್ಕೇ ಮಳೆಯೇ ಇಲ್ಲದ ಕಡೆಯೂ ಹಸಿರಾಗಿರುತ್ತದೆ. ಎಲೆ ಒಂಟೆಗೆ ಮೇವು, ನೆರಳು ಮನುಷ್ಯರಿಗೆ. ಅಮ್ಮ ಚಪ್ಪಲಿ ಬಿಟ್ಟು ಕೈಮುಗಿದಳು. ಆ ಹೊತ್ತಿಗೆ ಸೂರ್ಯ ಕೆಳಗೆ ಬರುತ್ತಿದ್ದ, ಹಾಗೇ ಬರಿಗಾಲಲ್ಲಿ ಪಕ್ಕದ ಚಿಕ್ಕ ದಿಬ್ಬಕ್ಕೆ ನಿಧಾನವಾಗಿ ಹತ್ತಿ ಕೂತೆವು. ಮರಳು ಮೇಲೆ ಬೆಚ್ಚಗೆ, ಬೆರಳು ತೂರಿಸಿದರೆ ಒಳಗೆ ತಣ್ಣಗೆ. ಫೆಬ್ರವರಿಯಲ್ಲಿ ಆರೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ಗುಡ್ಡದ ಅಡ್ಡಿ ಇಲ್ಲ, ಮೋಡದ ಅಡ್ಡಿ ಇಲ್ಲ, ಪೂರ್ತಿ ಬಿಂಬ ನೆಲಕ್ಕೆ ಮುಟ್ಟುವವರೆಗೂ ಕಾಣುತ್ತದೆ. ಗಿರಿಯಲ್ಲಿ ಎಷ್ಟು ಸಂಜೆ ನೋಡಿದ್ದರೂ ಅಮ್ಮ ಹೀಗೆ ನೋಡಿರಲಿಲ್ಲ.

ಒಂಟೆ ಸವಾರಿಯೂ ಮಾಡಿದಳು, ತಾನೇ ಕೇಳಿಕೊಂಡು. ಒಂದು ಸುತ್ತು ಅಷ್ಟೇ. ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ, ನಾವು ಮುಂದಕ್ಕೆ ಬೀಳುವ ಹಾಗೆ ಆಗುತ್ತದೆ, ಆಗ ಬೆನ್ನು ಹಿಂದಕ್ಕೆ ಒರಗಿಸಿ ಕೂರಬೇಕು. ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ, ಆಗಲೂ ಹಿಂದಕ್ಕೇ ಒರಗಬೇಕು. ಇದನ್ನು ಮೊದಲೇ ಹೇಳಿದರೆ ಹಿರಿಯರಿಗೆ ಭಯ ಇರುವುದಿಲ್ಲ. ಬೆನ್ನು ನೋವು ತೀರಾ ಜಾಸ್ತಿ ಇದ್ದರೆ ಮಾತ್ರ ಬೇಡ.

ಇನ್ನು ಕಾಫಿ. ಕ್ಯಾಂಪಿನ ಬಾಗಿಲಲ್ಲೇ ಖರ್ಜೂರ ಮತ್ತು ಗಹ್ವಾ ಕೊಟ್ಟರು. ಗಹ್ವಾ ಅಂದರೆ ಅರಬ್ಬರ ಕಾಫಿ. ಉದ್ದ ಕೊಕ್ಕಿನ ಹೂಜಿಯಿಂದ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಒಂದೆರಡು ಗುಟುಕಿನಷ್ಟೇ ಹಾಕುತ್ತಾರೆ. ಬಣ್ಣ ಕಾಫಿಯದಲ್ಲ, ತೆಳು ಹೊಂಬಣ್ಣ. ಹಾಲಿಲ್ಲ, ಸಕ್ಕರೆ ಇಲ್ಲ, ಏಲಕ್ಕಿ ಘಮ. ಬೀಜವನ್ನು ಬಹಳ ಕಡಿಮೆ ಹುರಿದಿರುತ್ತಾರೆ. ಇಡೀ ಆಯುಷ್ಯ ಕಾಫಿ ತೋಟದಲ್ಲಿ ಕಳೆದ ಅಮ್ಮ ಅದನ್ನು ಮೂಸಿ, ಬೆಳಕಿಗೆ ಹಿಡಿದು, ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಹೇಳಿದಳು: "ಹುರಿದದ್ದು ಸಾಲದು. ಆದ್ರೆ ಬೀಜ ಒಳ್ಳೇದು." ಮತ್ತೆ ಬಟ್ಟಲು ಒಡ್ಡಿದಳು. ಹಾಕುವವರು ಹಾಕುತ್ತಲೇ ಇದ್ದರು. ಸಾಕು ಅನ್ನುವುದಕ್ಕೆ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಬೇಕು ಅಂತ ಭಾವ ಹೇಳಿಕೊಟ್ಟ ಮೇಲೆ ನಿಂತಿತು. ಈ ಕಾಫಿ ಕೊಡುವ ಪದ್ಧತಿಯನ್ನು ಯುನೆಸ್ಕೋ 2015ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಅಲ್ಲಿ ಕೂತು ಅಮ್ಮ ನನ್ನ ಕೈಲಿ ಡ್ರೈವರ್‌ಗೆ ಹಿಂದಿಯಲ್ಲಿ ಹೇಳಿಸಿದ್ದು ಬಾಬಾ ಬುಡನ್ ಕಥೆ. ಹಜ್‌ಗೆ ಹೋದ ಬಾಬಾ ಬುಡನ್ ವಾಪಸ್ ಬರುವಾಗ ಯೆಮೆನ್‌ನ ಮೋಕಾದಿಂದ ಏಳು ಕಾಫಿ ಬೀಜ ಬಚ್ಚಿಟ್ಟುಕೊಂಡು ತಂದರು, ನಮ್ಮ ಗಿರಿಯಲ್ಲಿ ಹಾಕಿದರು, ನಮ್ಮ ಕಡೆ ಕಾಫಿ ಶುರುವಾದದ್ದು ಹಾಗೆ ಅಂತ ಹೇಳುತ್ತಾರಲ್ಲ, ಹದಿನೇಳನೇ ಶತಮಾನದ ಆ ಕಥೆ. ಡ್ರೈವರ್ ಪೂರ್ತಿ ಕೇಳಿದರು. "ಹಾಗಾದರೆ ಅಮ್ಮಾಜಿ ನಿಮ್ಮದೂ ಈ ಕಡೆಯ ಕಾಫಿಯೇ" ಅಂದರು. ಅಮ್ಮನಿಗೆ ಅದೆಷ್ಟು ಖುಷಿಯಾಯಿತು ಅಂದರೆ ಊರಿಗೆ ಬಂದು ತೋಟದ ಕೆಲಸದವರಿಗೆಲ್ಲ ಇದೇ ಮಾತು ಹೇಳಿದ್ದಾಳೆ. ಮನೆಯಲ್ಲಿ ಬಿಟ್ಟು ಹೋಗಿದ್ದರೆ ಈ ಮಾತುಕತೆಯೇ ಆಗುತ್ತಿರಲಿಲ್ಲ ಅಲ್ವಾ?

ಆಮೇಲಿನದು ಗಲಾಟೆಯ ಭಾಗ. ನಡುವೆ ವೇದಿಕೆ, ಸುತ್ತ ಕಂಬಳಿ, ದಿಂಬು, ಗಿಡ್ಡ ಮೇಜು. ಕೈಗೆ ಮೆಹಂದಿ ಹಾಕುತ್ತಾರೆ, ಗಿಡುಗವನ್ನು ಕೈಮೇಲೆ ಕೂರಿಸಿ ಫೋಟೋ ತೆಗೆಯುತ್ತಾರೆ. ತನೂರಾ ಅಂತ ಈಜಿಪ್ಟಿನ ಕುಣಿತ ಒಂದನ್ನು ತಪ್ಪಿಸಬೇಡಿ. ಭಾರದ ಬಣ್ಣದ ಲಂಗ ತೊಟ್ಟ ಗಂಡಸು ನಿಲ್ಲದೆ ತಿರುಗುತ್ತಾ ತಿರುಗುತ್ತಾ, ಲಂಗವನ್ನು ಪದರ ಪದರವಾಗಿ ಬಿಡಿಸಿ ತಲೆಯ ಮೇಲಕ್ಕೆ ಎತ್ತುತ್ತಾನೆ, ಹೆಜ್ಜೆ ಒಂದಿಷ್ಟೂ ತಪ್ಪುವುದಿಲ್ಲ. ಬೆಂಕಿಯ ಆಟ ಚೆನ್ನಾಗಿತ್ತು. ರಂಜಾನ್ ತಿಂಗಳಲ್ಲಿ ಹಾಡು ಕುಣಿತ ಸಾಮಾನ್ಯವಾಗಿ ಇರುವುದಿಲ್ಲ, ಊಟ ಇರುತ್ತದೆ, ನೋಡಿಕೊಂಡು ದಿನ ಗೊತ್ತು ಮಾಡಿ. ಸ್ಪೀಕರ್ ಸದ್ದು ಹಿರಿಯರಿಗೆ ಕಷ್ಟ, ವೇದಿಕೆಯಿಂದ ದೂರದ ಮೇಜು ಕೇಳಿ. ನೆಲದಲ್ಲಿ ಕೂರಲು ಆಗದವರಿಗೆ ಕುರ್ಚಿಯೂ ಕೇಳಿ. ಕೇಳಿದರೆ ತಂದುಕೊಡುತ್ತಾರೆ.

ಸವಾರಿ ಗಲಾಟೆ ಯಾವುದೂ ಬೇಡ, ಬರೀ ಮರಳುಗಾಡು ಬೇಕು ಅನ್ನುವವರಿಗೆ ದುಬೈನಲ್ಲೇ 225 ಚದರ ಕಿಲೋಮೀಟರಿನ ಸಂರಕ್ಷಿತ ಪ್ರದೇಶ ಇದೆ. ಅಲ್ಲಿ ಗೊತ್ತು ಮಾಡಿದ ದಾರಿಯಲ್ಲೇ ಗಾಡಿ ಹೋಗಬೇಕು. ಉದ್ದ ಕೊಂಬಿನ, ಜಿಂಕೆಯಂಥ ಬಿಳಿ ಪ್ರಾಣಿ ಅರೇಬಿಯನ್ ಓರಿಕ್ಸ್ ನೋಡಬಹುದು. 1970ರ ದಶಕದಲ್ಲಿ ಕಾಡಿನಲ್ಲಿ ಒಂದೂ ಉಳಿಯದೆ ಹೋಗಿದ್ದ ಪ್ರಾಣಿ ಅದು, ಮೃಗಾಲಯಗಳಲ್ಲಿ ಸಾಕಿ ಬೆಳೆಸಿ ಮತ್ತೆ ಬಿಟ್ಟಿದ್ದಾರೆ. ಭದ್ರಾ ಕಾಡಿನ ಪಕ್ಕ ಬೆಳೆದ ನಮಗೆ ಇದರ ಬೆಲೆ ಗೊತ್ತಾಗುತ್ತದೆ. ಆ ಸಫಾರಿ ಸ್ವಲ್ಪ ದುಬಾರಿ.

ಈ ನವೆಂಬರ್‌ನಲ್ಲಿ ಚಿಕ್ಕಮ್ಮ ಮಗನ ಮನೆಗೆ ಹೊರಟಿದ್ದಾರೆ. ಅಮ್ಮನೇ ಅವರಿಗೆ ಫೋನ್ ಮಾಡಿ ಹೇಳುತ್ತಿದ್ದಾಳೆ: ಶಾಲು ಇಟ್ಕೋ, ರಾತ್ರಿ ಚಳಿ ಇರುತ್ತೆ, ಸುಲಭಕ್ಕೆ ಬಿಚ್ಚುವ ಚಪ್ಪಲಿ ಹಾಕ್ಕೋ, ಮಾತ್ರೆ ಬ್ಯಾಗಲ್ಲೇ ಇರಲಿ. ಚಿಕ್ಕಮ್ಮ ಮಾಂಸ ತಿನ್ನುವುದಿಲ್ಲ, ಅವರ ಚಿಂತೆ ಊಟದ್ದು. ಬೆಂಕಿಯಲ್ಲಿ ಸುಟ್ಟ ಕೋಳಿ, ಕುರಿ ಕಬಾಬೇ ಅಲ್ಲಿನ ದೊಡ್ಡ ಸಂಗತಿ, ನಿಜ. ಆದರೆ ಸಸ್ಯಾಹಾರಕ್ಕೆ ಬೇರೆ ಸಾಲು ಇತ್ತು, ಅನ್ನ, ದಾಲ್, ತರಕಾರಿ, ಕುಬ್ಬೂಸ್ ರೊಟ್ಟಿ, ಕಡಲೆಕಾಳು ರುಬ್ಬಿದ ಹಮ್ಮಸ್, ಕೊನೆಗೆ ಖರ್ಜೂರದ ಪಾಕ ಸುರಿದ ಲುಖೈಮತ್ ಅನ್ನುವ ಕರಿದ ಸಿಹಿ ಉಂಡೆ. ಬುಕ್ ಮಾಡುವಾಗಲೇ ಸಸ್ಯಾಹಾರ ಅಂತ ಬರೆಸಿ, ಉಪ್ಪಿನಕಾಯಿ ಮಾತ್ರ ಮನೆಯಿಂದ ಒಯ್ಯಿರಿ ಅಂತ ಹೇಳಿದ್ದೇನೆ.