ಹೊಳಿತೈತಲ್ಲ ಸಾರ್

"ಹೊಳಿತೈತಲ್ಲ ಸಾರ್, ಮತ್ತೆ ಯುರೇನಿಯಂ ಅಲ್ಲ ಅಂದ್ರೆ ಹೆಂಗೆ?"

ಈ ವಾರವಿಡೀ ಕಿವಿಯಲ್ಲಿ ಇದೇ ಮಾತು. ಚಿತ್ರದುರ್ಗದ ಹತ್ತಿರದ ಇಂಗಳದಾಳ್ ತಾಮ್ರದ ಗಣಿ ಕಡೆಯಿಂದ ತಂದ ಹಸಿರು ಕಲೆಯ ಕಲ್ಲು, ಪ್ಲಾಸ್ಟಿಕ್ ಕವರಿನಲ್ಲಿ. ಆರಿಸಿ ತಂದ ಹುಡುಗ ಸುಮ್ಮನೆ ನಿಂತಿದ್ದ, ಮಾತೆಲ್ಲ ಅವನ ಮಾವನದು. ಹುಡುಗನಿಗೆ ಕಲ್ಲಿನ ಮೇಲೆ ಕುತೂಹಲ. ಮಾವ ರೈಸ್ ಪುಲ್ಲರ್, ಅಂದರೆ ಅಕ್ಕಿ ಸೆಳೆಯುವ ತಾಮ್ರದ ಪಾತ್ರೆಗೆ ಕೋಟಿ ಬೆಲೆ ಎನ್ನುವ ಮೋಸವನ್ನು, ನಂಬಿದವರ ಪೈಕಿ. ಕಲ್ಲಿಗಿಂತ ಮೊದಲು ಗಿರಾಕಿಯನ್ನು ಹುಡುಕುವವರು.

ಅವರ ಕೈಲಿದ್ದದ್ದು ನೋಟು ನೋಡುವ ನೇರಳೆ ಟಾರ್ಚು, 395 ನ್ಯಾನೊಮೀಟರ್ ತರಂಗಾಂತರದ್ದು. ಅದರ ಬೆಳಕೇ ಕಣ್ಣಿಗೆ ಕಾಣುತ್ತದೆ. ಕಲ್ಲಿಗೆ ಬಡಿದು ವಾಪಸ್ ಬಂದದ್ದನ್ನೇ ಹೊಳಪು ಅಂದುಕೊಳ್ಳುತ್ತಾರೆ. ಅದೇ ಟಾರ್ಚಿಗೆ ಮಾವನ ಬಿಳಿ ಅಂಗಿ ಕಲ್ಲಿಗಿಂತ ಜೋರಾಗಿ ಹೊಳೆಯಿತು, ಸೋಪಿನ ಪುಡಿಯಲ್ಲಿರುವ ಬಿಳುಪಿನ ರಾಸಾಯನಿಕದಿಂದ. ಪರೀಕ್ಷೆಗೆ ಬೇಕಾದದ್ದು ಕಪ್ಪು ಫಿಲ್ಟರ್ ಇರುವ 365ರ ಟಾರ್ಚು. ಆಗಲೂ ಕ್ಯಾಲ್ಸೈಟ್, ಫ್ಲೋರೈಟ್ ಹೊಳೆಯಬಹುದು. ಯುರೇನಿಯಂ ಖನಿಜಗಳ ಪೈಕಿ ಆಟುನೈಟ್ ಹಳದಿಹಸಿರಾಗಿ ಧಗಧಗಿಸುತ್ತದೆ. ಹಸಿರು ಬಣ್ಣದ ಟಾರ್ಬರ್ನೈಟ್‌ನಲ್ಲಿ ಆಟುನೈಟಿನ ಕ್ಯಾಲ್ಸಿಯಂ ಜಾಗಕ್ಕೆ ತಾಮ್ರ ಕೂತಿರುತ್ತದೆ, ಆ ತಾಮ್ರವೇ ಹೊಳಪನ್ನು ನುಂಗಿಬಿಡುತ್ತದೆ. ಅಂದರೆ ಮಾವನಿಗೆ ನಿಜವಾಗಿಯೂ ಹಸಿರು ಯುರೇನಿಯಂ ಕಲ್ಲು ಸಿಕ್ಕಿದ್ದರೆ, ಹೊಳೆಯಲಿಲ್ಲವೆಂದು ಬಿಸಾಕಿ ಬರುತ್ತಿದ್ದರು!

ಹೊಳಪು ಬೇರೆ, ವಿಕಿರಣ ಬೇರೆ. ಹಳೇ ಗಡಿಯಾರದ ಮುಳ್ಳು ಕತ್ತಲಲ್ಲಿ ಹೊಳೆಯುತ್ತಿದ್ದದ್ದೂ ರೇಡಿಯಂ ಅಲ್ಲ, ಅದರ ಜೊತೆ ಬೆರೆಸಿದ ಜಿಂಕ್ ಸಲ್ಫೈಡ್. ಇಷ್ಟು ಹೇಳಿದ ಮೇಲೂ "ಹೊಳಿತೈತಲ್ಲ ಸಾರ್."

ಹತ್ತು ಪಟ್ಟಿನ ಮಸೂರದಲ್ಲಿ ಟಾರ್ಬರ್ನೈಟ್ ಚೌಕ ಬಿಲ್ಲೆಗಳಾಗಿ ಕಾಣುತ್ತದೆ, ಕಾಗೆಬಂಗಾರದಂತೆ ಪದರ ಬಿಡುತ್ತದೆ. ಇಲ್ಲಿದ್ದದ್ದು ಕಲ್ಲಿಗೆ ಮೆತ್ತಿದ ಹಸಿರು ಹೊದಿಕೆ. ಹಸಿರನ್ನಷ್ಟೇ ಕೆರೆದು ತೆಗೆದ ಪುಡಿಗೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ ಒಂದು ಹನಿ ಬಿಟ್ಟರೆ ನೊರೆ ಬಂತು. ಮ್ಯಾಲಕೈಟ್, ತಾಮ್ರದ ಕಾರ್ಬೊನೇಟ್. ಇಡೀ ಕಲ್ಲಿನ ಮೇಲೇ ಆಮ್ಲ ಸುರಿದರೆ ಪಕ್ಕದ ಕ್ಯಾಲ್ಸೈಟೂ ನೊರೆ ಬಿಟ್ಟು ದಾರಿ ತಪ್ಪಿಸುತ್ತದೆ.

ವಿಕಿರಣ ಎಣಿಸುವ ಗೈಗರ್ ಕೌಂಟರ್ ಕೊಂಡವರು ಎಡವುವುದು ಲೆಕ್ಕದಲ್ಲಿ. ಮೊದಲು ಕಲ್ಲಿಲ್ಲದೆ ಹತ್ತು ನಿಮಿಷ ಎಣಿಸಬೇಕು, ಆಮೇಲೆ ಅದೇ ಜಾಗದಲ್ಲಿ ಕಲ್ಲಿಟ್ಟು ಹತ್ತು ನಿಮಿಷ. 400 ಎಣಿಕೆ ಬಂದರೆ ಅದರ ಸಹಜ ಏರಿಳಿತವೇ ಸುಮಾರು 20. ಕಲ್ಲಿಟ್ಟಾಗ 430 ಬಂತೆಂದು ಕುಣಿಯುವಂಥದ್ದೇನಿಲ್ಲ. ಕೋಟೆಯ ಬಂಡೆ ಮೇಲೆ ಅಳೆದದ್ದನ್ನು ಮನೆಯೊಳಗಿನ ಎಣಿಕೆಗೆ ಹೋಲಿಸಲೂಬಾರದು. ಗ್ರಾನೈಟಿನಲ್ಲೇ ಪೊಟ್ಯಾಸಿಯಂ, ಥೋರಿಯಂ ಇರುತ್ತವೆ. ಇನ್ನು ಅಗ್ಗದ ಗಾಜಿನ ಟ್ಯೂಬಿಗೆ ಆಲ್ಫಾ, ಅಂದರೆ ಕಾಗದವೂ ತಡೆಯುವ ಬಗೆಯ ವಿಕಿರಣ, ಕಾಣುವುದೇ ಇಲ್ಲ, ಅಭ್ರಕದ ಕಿಟಕಿ ಇರುವ ಟ್ಯೂಬು ಬೇಕು. ನಡುವೆ ಒಂದು ಕಾಗದ ಹಿಡಿದಾಗ ಎಣಿಕೆ ಚೆನ್ನಾಗಿ ಇಳಿದರೆ ಇಳಿದ ಪಾಲು ಆಲ್ಫಾ.

ಭಾರದ ಕಪ್ಪು ಕಲ್ಲು ತರುವವರೂ ಇದ್ದಾರೆ. ನಮ್ಮ ಕಡೆ ಅದು ಕಬ್ಬಿಣದ್ದೋ ಮ್ಯಾಂಗನೀಸಿನದೋ ಅದಿರು. ಅಯಸ್ಕಾಂತ ಹಿಡಿದರೆ ಮ್ಯಾಗ್ನೆಟೈಟ್ ಅಂಟುತ್ತದೆ. ಮಿಕ್ಕಿದ್ದನ್ನು ದಾರದಲ್ಲಿ ಕಟ್ಟಿ ನೀರಲ್ಲಿ ಮುಳುಗಿಸಿ ತೂಗಿ, ಗಾಳಿಯಲ್ಲಿನ ತೂಕವನ್ನು ನೀರಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿ, ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದು ಸಿಗುತ್ತದೆ. ಮ್ಯಾಂಗನೀಸ್ ಅದಿರು 5ರ ಆಸುಪಾಸು ನಿಲ್ಲುತ್ತದೆ, ಯುರೇನಿಯಂನ ಕಪ್ಪು ಅದಿರಾದ ಯುರೇನಿನೈಟ್ ಒಳ್ಳೆಯದಿದ್ದರೆ 8 ದಾಟುತ್ತದೆ.

ರಾಜ್ಯದಲ್ಲಿ ಯುರೇನಿಯಂ ಇಲ್ಲವೆಂದಲ್ಲ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಸುಣ್ಣಕಲ್ಲು, ಗ್ರಾನೈಟಿನ ಬಿರುಕುಗಳಲ್ಲಿ ಕಾಫಿನೈಟ್, ಪಿಚ್‌ಬ್ಲೆಂಡ್ ಎಂಬ ಯುರೇನಿಯಂ ಖನಿಜಗಳಿವೆ. ಆದರೆ ಅದು ಸಂತೆಯ ಸರಕಲ್ಲ. ಯುರೇನಿಯಂ ಇರುವ ಜಾಗ ಕಂಡುಹಿಡಿದವರು ಮೂರು ತಿಂಗಳೊಳಗೆ ಬರೆದು ತಿಳಿಸಬೇಕೆಂದು 1962ರ ಪರಮಾಣು ಶಕ್ತಿ ಕಾಯ್ದೆಯಲ್ಲೇ ಇತ್ತು. ಮಾವನಿಗೆ ಇದನ್ನು ಹೇಳಿದ್ದೇ ತಡ, ಟಾರ್ಚು ಜೇಬಿಗೆ ಹೋಯಿತು.

ಹುಡುಗ ಬಾಯಿ ಬಿಟ್ಟದ್ದು ಆಮೇಲೆ: "ಅಸಲಿ ಸಿಕ್ರೆ ಎಲ್ಲಿ ಇಡೋದು ಸಾರ್?" ಅಷ್ಟೊತ್ತಿನ ಮಾತಿನಲ್ಲಿ ತೂಕದ ಪ್ರಶ್ನೆ ಅದೊಂದೇ. ಸಿಕ್ಕ ಜಾಗದಲ್ಲೇ ಬಿಟ್ಟು, ಗುರುತು ಬರೆದುಕೊಂಡು, ಬೆಂಗಳೂರಿನಲ್ಲಿರುವ ಪರಮಾಣು ಖನಿಜ ನಿರ್ದೇಶನಾಲಯದ ಕಚೇರಿಗೆ ತಿಳಿಸುವುದು. ಸಂಗ್ರಹಾಲಯದವರೂ ಅದನ್ನು ಗಾಳಿಯಾಡುವ ಕೋಣೆಯಲ್ಲೇ ಇಡುತ್ತಾರೆ, ಅದರಿಂದ ಹೊರಬರುವ ವಿಕಿರಣದ ಅನಿಲ ರೇಡಾನ್ ಕಟ್ಟಿಕೊಳ್ಳಬಾರದೆಂದು. ಬಿಸಿಲು ಬೀಳದ ಮುಚ್ಚಿದ ಡಬ್ಬಿ ಬೇಕು, ಇಲ್ಲದಿದ್ದರೆ ಆಟುನೈಟ್ ಒಳಗಿನ ನೀರು ಕಳೆದುಕೊಂಡು ಉದುರುತ್ತದೆ. ಆ ಪುಡಿ ಉಸಿರಿಗೆ ಹೋಗಬಾರದು.