ಪ್ರೋಗ್ರೆಸಿವ್ ಪ್ರೆಸ್‌ನಲ್ಲಿ ಕಾಡತೂಸು ಒಂದೇ ಸಮ ಬರುತ್ತದೆಯೇ?

ಅಮೆರಿಕದಲ್ಲಿ ಪಿಸ್ತೂಲ್ ಸ್ಪರ್ಧೆಗಳಿಗೆ ಹೋಗುವ ಕನ್ನಡದ ಗೆಳೆಯರು ಕಾಡತೂಸನ್ನು ತಾವೇ ತುಂಬಿಕೊಳ್ಳಲು ಹೊರಟಾಗ ನನ್ನನ್ನು ಕೇಳುವುದು ಇದನ್ನೇ: "ಹಿಡಿಕೆ ಎಳೆದಾಗಲೆಲ್ಲ ಒಂದೊಂದು ಉದುರುವ ಯಂತ್ರದಲ್ಲಿ ಎಲ್ಲವೂ ಒಂದೇ ಸಮ ಇರ್ತಾವಾ? ನಿಧಾನವಾದ್ರೂ ಒಂದು ಸಲಕ್ಕೆ ಒಂದೇ ಕೆಲಸ ಮಾಡೋ ಸಿಂಗಲ್ ಸ್ಟೇಜ್ ಪ್ರೆಸ್ಸೇ ವಾಸಿ ಅಲ್ವಾ?"

ಒಂದೇ ಸಮ ಇರುತ್ತವೆ. ಆದರೆ ಕೇಸ್‌ಗಳು (ಕಾಡತೂಸಿನ ಖಾಲಿ ಕವಚಗಳು) ಕೂರುವ ಪ್ಲೇಟಿನ ಎಲ್ಲ ಮನೆಗಳೂ ತುಂಬಿರಬೇಕು.

ಡಿಲ್ಲನ್ 750ರಂಥ ಪ್ರೋಗ್ರೆಸಿವ್ ಪ್ರೆಸ್‌ನಲ್ಲಿ ಐದು ಮನೆಗಳಿವೆ. ಹಿಡಿಕೆ ಇಳಿಸಿದಾಗ ಒಂದು ಕೇಸ್ ಅಳತೆಗೆ ಕುಗ್ಗುತ್ತಿರುತ್ತದೆ, ಇನ್ನೊಂದಕ್ಕೆ ಮದ್ದು ಬೀಳುತ್ತಿರುತ್ತದೆ, ಮತ್ತೊಂದರಲ್ಲಿ ಗುಂಡು ಕೂರುತ್ತಿರುತ್ತದೆ, ಎಲ್ಲವೂ ಒಟ್ಟಿಗೇ. ಕೇಸ್ ಕುಗ್ಗಿಸುವುದಕ್ಕೆ ಬೇಕಾಗುವ ಬಲ ಎಲ್ಲಕ್ಕಿಂತ ಹೆಚ್ಚು. ಆ ಒತ್ತಡಕ್ಕೆ ಪ್ಲೇಟ್ ಕೂದಲೆಳೆಯಷ್ಟು ವಾಲುತ್ತದೆ. ವಾಲಿದಷ್ಟು ಗುಂಡು ಕೂರುವ ಆಳ ಬದಲಾಗುತ್ತದೆ. ಬಹಳ ಜನ ಒಂದೇ ಒಂದು ಕೇಸ್ ಇಟ್ಟು ಡೈ (ಕೇಸ್ ಕುಗ್ಗಿಸುವ, ಗುಂಡು ಕೂರಿಸುವ ಅಚ್ಚು) ಹೊಂದಿಸಿ, ಆಮೇಲೆ ಪ್ಲೇಟ್ ತುಂಬಿಸಿ ಓಡಿಸಿ, ಕಾಡತೂಸಿನ ಉದ್ದ ಯಾಕೆ ಹೆಚ್ಚಾಯಿತು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಪ್ಲೇಟ್ ತುಂಬಿರುವಾಗಲೇ ಡೈ ಹೊಂದಿಸಿ. ಪ್ಲೇಟ್ ಪೂರ್ತಿ ತುಂಬಿರದಾಗ ಬರುವ ಶುರುವಿನ ಮತ್ತು ಕೊನೆಯ ಕೆಲವನ್ನು ಅಭ್ಯಾಸಕ್ಕೆ ಎತ್ತಿಡಿ.

ಉದ್ದ ಅಳೆಯುವಾಗ ಇನ್ನೊಂದು ವಿಷಯ. ಕ್ಯಾಲಿಪರ್ ಗುಂಡಿನ ತುದಿಯನ್ನು ಮುಟ್ಟುತ್ತದೆ. ಡೈ ಒಳಗಿನ ಕಡ್ಡಿ ಒತ್ತುವುದು ಸಾಮಾನ್ಯವಾಗಿ ಗುಂಡಿನ ಓರೆಯ ಭಾಗವನ್ನು. ತುದಿಯ ಆಕಾರ ಗುಂಡಿನಿಂದ ಗುಂಡಿಗೆ ಬೇರೆಯಾಗುವುದರಿಂದ, ಇಂಚಿನ ಸಾವಿರದ ಎರಡು ಮೂರು ಪಾಲು ವ್ಯತ್ಯಾಸ ಕಂಡ ಕೂಡಲೇ ಡೈ ತಿರುಗಿಸಲು ಹೋಗಬೇಡಿ.

ಮದ್ದಿನ ವಿಚಾರ ನನಗೆ ಇದಕ್ಕಿಂತ ಮುಖ್ಯ. ಪ್ರೆಸ್ ಮದ್ದನ್ನು ತೂಗುವುದಿಲ್ಲ, ಸೇರು ಪಾವಿನ ಹಾಗೆ ಅಳೆದು ಸುರಿಯುತ್ತದೆ. ಸಣ್ಣ ಉಂಡೆಯ ಮದ್ದು ಸರಾಗವಾಗಿ ಇಳಿಯುತ್ತದೆ, ದೊಡ್ಡ ಚಕ್ಕೆಯದು ಅಡ್ಡಡ್ಡ ನಿಂತುಬಿಡುತ್ತದೆ. ಕೈಯ ಲಯವೂ ಲೆಕ್ಕಕ್ಕೆ ಬರುತ್ತದೆ: ಒಮ್ಮೆ ಮೆಲ್ಲಗೆ, ಒಮ್ಮೆ ದಡಕ್ಕನೆ ಎಳೆದರೆ ಮದ್ದು ಅಡಕವಾಗುವ ರೀತಿಯೇ ಬದಲಾಗುತ್ತದೆ. ತೂಕ ಪರೀಕ್ಷಿಸಲು ಹತ್ತು ಸಲ ಬಿದ್ದ ಮದ್ದನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ. ತಕ್ಕಡಿಯ 0.1 ಗ್ರೇನ್ (ಮದ್ದು, ಗುಂಡು ತೂಗುವ ಚಿಕ್ಕ ಮಾನ) ತಪ್ಪು ಆಗ ಹಂಚಿಹೋಗುತ್ತದೆ. ಎಷ್ಟು ಗ್ರೇನ್ ಹಾಕಬೇಕೆಂದು ಮಾತ್ರ ನನ್ನನ್ನು ಕೇಳಬೇಡಿ. ಮದ್ದು ತಯಾರಿಸಿದವರ ಕೈಪಿಡಿಯೇ ಅದಕ್ಕೆ ಆಧಾರ.

ಈ ಸಮತೆ ಸ್ಪರ್ಧೆಯಲ್ಲಿ ಬೆಲೆ ಬಾಳುವುದು ಹೀಗೆ. ಯುಎಸ್‌ಪಿಎಸ್‌ಎ (ಅಮೆರಿಕದ ಪಿಸ್ತೂಲ್ ಸ್ಪರ್ಧೆಗಳ ಸಂಸ್ಥೆ) ಪಂದ್ಯಗಳಲ್ಲಿ ಗುಂಡಿನ ತೂಕವನ್ನು ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದಾಗ ಕಡಿಮೆ ಬಲದ ಮೈನರ್ ವರ್ಗಕ್ಕೆ ಕನಿಷ್ಠ 125 ಬರಬೇಕು. 147 ಗ್ರೇನ್ ಗುಂಡು ಸೆಕೆಂಡಿಗೆ 870 ಅಡಿ ಹೋದರೆ ಸುಮಾರು 127.9. ಅದೇ 850ಕ್ಕೆ ಇಳಿದರೆ 124.95, ಅಂಕವೇ ಹೋಯಿತು. ಆದ್ದರಿಂದ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ಸರಾಸರಿಯನ್ನಷ್ಟೇ ನೋಡದೆ, ಅತಿ ನಿಧಾನದ ಗುಂಡು ಯಾವುದೆಂದು ನೋಡಿ.

ಕೇಸ್‌ಗಳನ್ನು ಕಂಪನಿವಾರು ಬೇರ್ಪಡಿಸಿದರೆ ಹಿಡಿಕೆಯ ಭಾರ ಒಂದೇ ಸಮ ಇರುತ್ತದೆ. ಅಭ್ಯಾಸದ 9 ಎಂಎಂ ಕಾಡತೂಸಿಗೆ ಅಷ್ಟು ಶ್ರಮ ಬೇಕಿಲ್ಲ.

ನಾನು ರಾಜಿಯಾಗದ ಸಂಗತಿಯೊಂದಿದೆ. ನಡುವೆ ಏನಾದರೂ ಸಿಕ್ಕಿಕೊಂಡು ಕೈ ನಿಂತರೆ, ಪ್ಲೇಟ್ ಮೇಲಿರುವ ಎಲ್ಲ ಕೇಸ್‌ಗಳನ್ನೂ ತೆಗೆದುಬಿಡಿ. ಎರಡು ಸಲ ಮದ್ದು ಬಿದ್ದ ಕೇಸ್ ಪಿಸ್ತೂಲನ್ನೇ ಸೀಳಬಲ್ಲದು. ಮದ್ದೇ ಬೀಳದ್ದರಿಂದ ಗುಂಡು ನಳಿಗೆಯಲ್ಲೇ ನಿಂತು, ಹಿಂದಿನಿಂದ ಬರುವ ಗುಂಡಿಗೆ ಅಡ್ಡವಾಗುತ್ತದೆ. ಪ್ರೆಸ್ ಮೇಲೊಂದು ದೀಪ ಹಾಕಿ, ಗುಂಡು ಇಡುವ ಮುಂಚೆ ಪ್ರತಿ ಕೇಸ್‌ನೊಳಗೂ ಇಣುಕಿ. ಎರಡು ಪಾಲು ಬಿದ್ದರೆ ಉಕ್ಕಿ ಚೆಲ್ಲುವಂಥ, ಕೇಸ್‌ನೊಳಗೆ ಹೆಚ್ಚು ಜಾಗ ತುಂಬುವ ಮದ್ದನ್ನು ಆರಿಸಿಕೊಂಡರೆ ಇನ್ನೂ ಒಳ್ಳೆಯದು.

ಊರಿನಿಂದ ಕೇಳುವವರಿಗೆ: ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಫೆಡರಲ್ ಪರವಾನಗಿ ಬೇಡ, ಮಾರಾಟಕ್ಕೆಂದು ತಯಾರಿಸಲು ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಕಾಡತೂಸು ತಯಾರಿಸುವಂತಿಲ್ಲ. ಅಲ್ಲಿ ಪ್ರೆಸ್ ಕೊಳ್ಳುವ ಯೋಚನೆ ಬಿಟ್ಟುಬಿಡಿ.